ಒಬ್ಬರಿಗೆ ಒಂದು ಕೋಣೆ

ಯಾವ ಕೆಲಸವನ್ನು ಯಾರಿಗೂ ತ್ರಾಸು ಕೊಡದೆ ಒಬ್ಬನೇ ಮಾಡಿ ಮುಗಿಸಬೇಕು ಅಂದುಕೊಳ್ಳುತ್ತೇನೋ, ಆ ಕೆಲಸಕ್ಕೇ ಮೂರು ಊರಿನ ಮಂದಿ ಬಂದು ಕೂಡುತ್ತಾರೆ. ನನ್ನ ಹಣೆಬರಹವೇ ಅಂಥದ್ದು. ರೋಣದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದೇನೆ. ಮನೆಯಲ್ಲಿ ನಾವು ಹದಿಮೂರು ಮಂದಿ, ಮಲಗಲು ಕೋಣೆ ಮೂರು. ನಲವತ್ತೇಳು ವರ್ಷದಲ್ಲಿ ಒಂದು ಕೋಣೆಯಲ್ಲಿ ಒಬ್ಬನೇ ಮಲಗಿದವನಲ್ಲ. ನನ್ನ ಅಪೆಂಡಿಕ್ಸ್ ತೆಗೆದಾಗಲೂ ನೋಡಲು ಬಂದ ಚಿಕ್ಕಪ್ಪ ದವಾಖಾನೆಯ ಪಕ್ಕದ ಹಾಸಿಗೆ ಖಾಲಿ ಇದೆಯೆಂದು ಅಲ್ಲೇ ಮೂರು ದಿನ ಉಳಿದಿದ್ದ.

ಅದಕ್ಕೇ ಮೋಟರ್ ಸೈಕಲ್ ಮೇಲೆ ಒಬ್ಬನೇ ನೇಪಾಳಕ್ಕೆ ಹೋಗಿಬರಬೇಕೆಂದು ಗಟ್ಟಿ ಮನಸ್ಸು ಮಾಡಿದೆ. ಖರೇ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಹಿಮಾಲಯವಲ್ಲ, ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ.

೧. ಜೊತೆಗಾರ

ಮೊದಲು ಹೇಳಿದ್ದು ನರಗುಂದದಲ್ಲಿ ಬಟ್ಟೆ ಅಂಗಡಿ ಇಟ್ಟ ಗೆಳೆಯನಿಗೆ. ಹೇಳಬಾರದಿತ್ತು.

"ಒಬ್ಬನ ಹೊಂಟೀಯಾ?" ಅಂದ.

"ಹೌದು. ಅದಕ್ಕ ಸೋಲೋ ಟ್ರಿಪ್ ಅಂತಾರ."

ಅವನು ಕೈಯಲ್ಲಿದ್ದ ಬಟ್ಟೆ ಮಡಚಿಟ್ಟ. "ಚಲೋ ಆತು. ಹಂಗಾರ ನಾನೂ ಬರ್ತೀನಿ. ಇಬ್ಬರೂ ಕೂಡಿ ಸೋಲೋ ಹೋಗೂಣು."

ಸೋಲೋ ಅಂದರೆ ಒಬ್ಬನೇ ಹೋಗುವುದು, ಮತ್ತೊಬ್ಬ ಬಂದರೆ ಅದು ಕೆಡುತ್ತದೆ ಎಂದು ಅರ್ಧ ತಾಸು ತಿಳಿಸಿ ಹೇಳಿದೆ. ಎಲ್ಲ ಕೇಳಿ ತಲೆಯಾಡಿಸಿ ಅಂದ: "ನಾ ಹಿಂದ ಕುಂದರತೀನಿ. ನೀ ಹೊಳ್ಳಿ ನೋಡಬ್ಯಾಡ, ಮುಗೀತಲ್ಲ."

೨. ಬಜೆಟ್

ಪೆಟ್ರೋಲು, ಗಡಿಯಲ್ಲಿ ಗಾಡಿಗೆ ಕಟ್ಟುವ ಸುಂಕ, ಊಟ, ವಸತಿ ಎಂದು ನಾಲ್ಕು ಸಾಲು ಬರೆದು ಬಜೆಟ್ ಮುಗಿಸಿದ್ದೆ. ಅಷ್ಟರಲ್ಲಿ ಸುದ್ದಿ ಹಿಟ್ಟಿನ ಗಿರಣಿ ಮುಟ್ಟಿತು. ಗಿರಣಿ ಮುಟ್ಟಿದ ಸುದ್ದಿ ಕಾಳಿಗಿಂತ ಸಣ್ಣಗಾಗಿ ಹೊರಬೀಳುತ್ತದೆ. ನಾನು ಪಶುಪತಿನಾಥನ ಯಾತ್ರೆಗೆ ಹೊರಟಿದ್ದೇನೆ ಎಂದಾಯಿತು.

ನಮ್ಮ ಕಡೆ ಯಾತ್ರೆಗೆ ಹೊರಟವನು ಬರೀ ತನ್ನ ಸಲುವಾಗಿ ಹೋಗುವ ಹಾಗಿಲ್ಲ. ಓಣಿಯವರೆಲ್ಲ ದೇವರ ಹುಂಡಿಗೆ ಹಾಕಲು ಹನ್ನೊಂದು ಹನ್ನೊಂದು ರೂಪಾಯಿ ಕೊಡುತ್ತಾರೆ. ಬರುವಾಗ ಅವರಿಗೆಲ್ಲ ಪ್ರಸಾದ, ರುದ್ರಾಕ್ಷಿ ತರಬೇಕು. ನಾಲ್ಕು ಸಾಲಿನ ಬಜೆಟ್ಟು ನಾಲ್ಕು ಪುಟವಾಯಿತು. ಕೊನೆಗೆ ಯಾವಗಲ್ ಊರಿನಿಂದ ಸೋದರತ್ತೆ ಬಸ್ಸು ಹತ್ತಿ ಬಂದಳು. ಸೆರಗಿನ ಗಂಟು ಬಿಚ್ಚಿ ಹನ್ನೊಂದು ರೂಪಾಯಿ ನನ್ನ ಕೈಗಿಟ್ಟಳು.

"ಹುಂಡಿಗೆ ಹಾಕು. ಹಂಗ ನನಗೊಂದು ಐದು ಮುಖದ ರುದ್ರಾಕ್ಷಿ, ಒಂದು ಉಣ್ಣಿ ಶಾಲು ತಗೊಂಡು ಬಾ. ಥಂಡಿ ತಡಕೊಳ್ಳಾಕ ಆಗವಲ್ದು."

"ಅತ್ತಿ, ಇಷ್ಟೂ ಈ ಹನ್ನೊಂದು ರೂಪಾಯಿದಾಗ?"

ಅತ್ತೆ ನನ್ನ ಕೈಯನ್ನು ಮೆಲ್ಲಗೆ ಮಡಚಿದಳು. "ಇರ್ಲಿ, ನಾ ಲೆಕ್ಕ ಕೇಳೂದಿಲ್ಲ. ಉಳದದ್ದರಾಗ ನೀ ಚಾ ಕುಡಿ."

೩. ವ್ಯವಹಾರ

ನೇಪಾಳದ ಪೋಖರಾ ಊರಿನಲ್ಲಿ ಒಂದು ಗೆಸ್ಟ್ ಹೌಸ್ ಮೊಬೈಲಿನಲ್ಲಿ ಹುಡುಕಿದೆ. ರೇಟು ಸ್ವಲ್ಪ ಜಾಸ್ತಿ ಅನಿಸಿತು. ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದ ದನದ ಪೇಟೆಯ ದಲಾಲಿ ಚಾಚಾ, "ವ್ಯವಹಾರ ನನಗ ಬಿಡ್ರಿ ಸಾವಕಾರ್ರ, ವಿಡಿಯೋ ಕಾಲ್ ಹಚ್ಚರಿ" ಅಂದರು.

ಗೆಸ್ಟ್ ಹೌಸಿನ ಮಾಲೀಕರು ವಯಸ್ಸಾದವರು. ಕೈಮುಗಿದರು. ಚಾಚಾ ಸಲಾಂ ಹೇಳಿ, ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಫೋನಿನ ಮೇಲೆ ಮುಚ್ಚಿ, ಅದರೊಳಗೆ ಕೈ ಹಾಕಿದರು. ದನದ ಪೇಟೆಯಲ್ಲಿ ದರ ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ.

"ನಿಮ್ಮಲ್ಲಿ ಕರೆಂಟ್ ಹೋಯಿತೇ?" ಎಂದು ಒಳಗಿನಿಂದ ಹಿಂದಿಯಲ್ಲಿ ದನಿ ಬಂತು.

ನಾನು, "ಚಾಚಾ, ಬಾಯಲೆ ಹೇಳ್ರಿ" ಅಂದೆ.

"ಆರು ಮಂದಿ ಕುಂತಾರ. ಎಲ್ಲಾರ ಮುಂದ ರೇಟ್ ಒಡೀಲೇನು?" ಎಂದು ಗದರಿಸಿ ಟವೆಲ್ಲಿನೊಳಗೆ ಮತ್ತೆರಡು ಬೆರಳು ಎತ್ತಿದರು. ಹತ್ತು ನಿಮಿಷ ಕತ್ತಲೆ ನೋಡಿ ನೋಡಿ ಮಾಲೀಕರು ತಾವಾಗಿಯೇ ಇನ್ನೂರು ಇಳಿಸಿದರು.

ಚಾಚಾ ಗೆದ್ದ ಹುರುಪಿನಲ್ಲಿ ಟವೆಲ್ಲು ತೆಗೆದರು. ಮೂವತ್ತು ವರ್ಷದ ರೂಢಿ, ಬಾಯಿ ಸುಮ್ಮನಿರಲಿಲ್ಲ. ಎತ್ತಿನ ವಯಸ್ಸನ್ನು ಹಲ್ಲಿನ ಮೇಲೆ ಹೇಳುತ್ತಾರಲ್ಲ, ಹಾಗೆ, "ಎಷ್ಟು ಹಲ್ಲು?" ಎಂದು ಹಿಂದಿಯಲ್ಲೇ ಕೇಳಿಯೇಬಿಟ್ಟರು.

ಪಾಪ, ಮಾಲೀಕರು ಸಂಕೋಚದಿಂದ ಉತ್ತರ ಕೊಟ್ಟರು: "ಕೆಳಗಿನವು ನನ್ನವೇ. ಮೇಲಿನ ಸಾಲು ಕಟ್ಟಿಸಿದ್ದು."

೪. ತಾಲೀಮು

ದೂರದ ಪ್ರವಾಸಕ್ಕೆ ಮೊದಲು ಹತ್ತಿರದ ಊರಿನಲ್ಲಿ ಒಂದು ರಾತ್ರಿ ಒಬ್ಬರೇ ತಂಗಿ ರೂಢಿ ಮಾಡಿಕೊಳ್ಳಿ ಎಂದು ಯಾರೋ ಒಂದು ವಿಡಿಯೋದಲ್ಲಿ ಹೇಳಿದ್ದರು. ಒಂದು ತಾಸಿನ ಹಾದಿ ಎಂದು ಗಜೇಂದ್ರಗಡದಲ್ಲಿ ಒಂದು ಲಾಡ್ಜಿಗೆ ಹೋದೆ. ಅದು ನನ್ನ ಹೆಂಡತಿಯ ತವರೂರು ಎಂಬುದನ್ನು ನಾನು ಮರೆತಿರಲಿಲ್ಲ. ನನ್ನ ಗುರುತಿದ್ದ ಲಾಡ್ಜಿನ ಮ್ಯಾನೇಜರನೂ ಮರೆತಿರಲಿಲ್ಲ, ಅದೇ ತೊಂದರೆಯಾಯಿತು.

ಸಂಜೆ ಆರಕ್ಕೆ ಬಾಗಿಲು ಹಾಕಿಕೊಂಡೆ. ಆರೂವರೆಗೆ ಯಾರೋ ಬಡಿದರು. ಮಾವನವರು, ಹಿಂದೆ ನಾಲ್ಕು ಮಂದಿ ಹಿರಿಯರು. ಅಳಿಯ ಊರಿಗೆ ಬಂದು ಲಾಡ್ಜಿನಲ್ಲಿ ಇಳಿದರೆ ನಮ್ಮ ಕಡೆ ಅರ್ಥ ಒಂದೇ. ಐವರೂ ನನ್ನ ಮಂಚದ ಮೇಲೆ ಸಾಲಾಗಿ ಕೂತರು. ನಾನು ನಿಂತೆ.

"ನಮ್ಮ ಮಗಳದು ಏನ ತಪ್ಪೈತಿ ಹೇಳ್ರಿ," ಅಂದರು ಮಾವ. ಅವರ ಕಣ್ಣು ಒದ್ದೆಯಾಗಿತ್ತು. ನನಗೂ ಕೆಡುಕೆನಿಸಿತು.

"ಯಾರದೂ ತಪ್ಪಿಲ್ರಿ ಮಾವಾರ. ತಾಲೀಮು ಮಾಡಾಕತ್ತೀನಿ."

ಒಬ್ಬ ಹಿರಿಯರು ಎದೆಯ ಮೇಲೆ ಕೈ ಇಟ್ಟುಕೊಂಡರು. "ಮನಿ ಬಿಡಾಕೂ ತಾಲೀಮು ಬಂತಾ?"

ಹೆಂಡತಿಗೆ ಫೋನು ಹಚ್ಚಿ ಕೊಟ್ಟೆ. ಅವಳು ಬಿಡಿಸಿ ಹೇಳಿಯಾಳು ಎಂದುಕೊಂಡರೆ, "ಅವರು ಒಬ್ಬರ ಇರಬೇಕಂತ ಹೋಗ್ಯಾರ, ಬಿಡ್ರಿ" ಅಂದಳು. ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ಕೊನೆಗೆ ನನ್ನ ಚೀಲವನ್ನು ಮಾವ ಹೊತ್ತು, ನನ್ನನ್ನು ನಡುವೆ ನಡೆಸಿಕೊಂಡು ಮನೆಗೆ ಕರೆದೊಯ್ದರು. ಆ ರಾತ್ರಿ ಇಬ್ಬರು ಭಾವಮೈದುನರ ನಡುವೆ ಮಲಗಿದೆ. ಸಂಜೆ ಲಾಡ್ಜು ಬಿಡುವಾಗ ರಿಜಿಸ್ಟರಿಗೆ ಸಹಿ ಹಾಕಿದ್ದೆ. ಬಂದ ಉದ್ದೇಶ ಎಂಬಲ್ಲಿ ಮ್ಯಾನೇಜರ ಆಗಲೇ ಬರೆದಿಟ್ಟಿದ್ದ: ರಾಜಿ ಆತು.

೫. ಕೋಣೆ

ಅಂತೂ ನರಗುಂದದ ಗೆಳೆಯನಿಗೆ ಹೊರಡುವ ತಾರೀಖು ಹೇಳದೆ ಒಬ್ಬನೇ ಹೋದೆ. ಆರು ದಿನ ಗಾಡಿ ಓಡಿಸಿ, ಬೆನ್ನು ಹಲಗೆಯಾಗಿ, ಒಂದು ಮಧ್ಯಾಹ್ನ ಪೋಖರಾ ಮುಟ್ಟಿದೆ. ಕೋಣೆ ಚೊಕ್ಕಟವಾಗಿತ್ತು. ಚಿಲಕ ಹಾಕಿ, ಮಂಚದ ಮೇಲೆ ಅಡ್ಡಡ್ಡ ಬಿದ್ದುಕೊಂಡೆ. ಯಾರೂ ಕೆಮ್ಮಲಿಲ್ಲ. ಯಾರೂ ನನ್ನ ಚಾರ್ಜರ್ ಕೇಳಲಿಲ್ಲ. ಅರ್ಧ ತಾಸಿನಲ್ಲಿ ನನಗೆ ಎಂಥದೋ ದಿಗಿಲು ಹತ್ತಿತು. ಕೆಳಗಿಳಿದು ಹೋಗಿ ಮಾಲೀಕರ ಅಡುಗೆಮನೆಯಲ್ಲಿ ಬಟಾಟೆ ಸುಲಿಯಲು ಕೂತೆ. ಆ ರಾತ್ರಿಯಿಂದಲೇ ಅವರ ಪಡಸಾಲೆಯಲ್ಲಿ, ಗೊರಕೆ ಹೊಡೆಯುವ ಅವರ ಅಣ್ಣನ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಸುಖವಾಗಿ ನಿದ್ದೆ ಮಾಡಿದೆ. ಬಾಡಿಗೆ ಕೊಟ್ಟ ಕೋಣೆಯಲ್ಲಿ ನಾಲ್ಕು ದಿನ ನನ್ನ ಚೀಲ ಮಾತ್ರ ಇತ್ತು.

ಊರಿಗೆ ಬಂದು ಇದನ್ನು ಹೇಳಿದೆ. ಪಡಸಾಲೆಯಲ್ಲಿ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಒಲೆಯ ಮುಂದೆ ಹದಿಮೂರು ಮಂದಿಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಮಾತ್ರ ನಗಲಿಲ್ಲ. ಕೈ ನಿಲ್ಲಿಸಿ ಕೇಳಿದಳು:

"ಅಲ್ಲಿ ಯಾರೂ ನಿಮ್ಮನ್ನ ಕರೀಲಿಲ್ಲ?"

"ಇಲ್ಲ."

"ಅಡಗಿ ಅವರ ಮಾಡ್ತಾರ?"

"ಅವರ ಮಾಡ್ತಾರ."

"ಬಾಂಡೆ?"

"ಅವೂ ಅವರ ತಿಕ್ಕತಾರ."

ಎದ್ದು ಕೈ ತೊಳೆದುಕೊಂಡಳು. ಸೆರಗಿಗೆ ಒರೆಸಿಕೊಂಡು, ಚಾರ್ಜಿಗಿಟ್ಟ ನನ್ನ ಫೋನು ತಂದು ನನ್ನ ಕೈಗೆ ಕೊಟ್ಟಳು.

"ಆ ಕೋಣಿ ನನ್ನ ಹೆಸರಿಲೆ ಬುಕ್ ಮಾಡ್ರಿ."

ಚೇಷ್ಟೆ ಮಾಡುತ್ತಿದ್ದಾಳೆ ಎಂದು ಮುಖ ನೋಡಿದೆ. ಚೇಷ್ಟೆಯಾಗಿರಲಿಲ್ಲ. ಪಡಸಾಲೆಯ ನಗೆ ನಿಂತಿತು.

"ಎಷ್ಟು ದಿನಕ್ಕ?" ಅಂದೆ.

"ಹೋಗೂ ತಾರೀಖು ಹಾಕ್ರಿ," ಅಂದಳು. "ಬರೂದು ಖಾಲಿ ಬಿಡ್ರಿ."