ಮೆಣಸು ತೂರಿ ಗಾಳಿ ಹುಡುಕಿದ್ದು

ಮಕ್ಕಳೇ, ನಿಮ್ಮಜ್ಜಿಗೆ ನಾಲ್ಕು ಜನರ ಮುಂದೆ ಮಾತಾಡಲು ನಾಚಿಕೆ, ನಿಜ. ಆದರೆ ಗಾಳಿಯ ವಿಷಯದಲ್ಲಿ ನಾನು ಪಂಡಿತೆ! ಬಾಳೂರಿನ ಎಸ್ಟೇಟಿನಲ್ಲಿ ಮೂವತ್ತು ವರ್ಷ ಕಾಳುಮೆಣಸು ತೂರಿದ ಕೈ ಇದು.

ಮೂಡಿಗೆರೆಯ ನಮ್ಮ ಮನೆಯ ಎರಡೂ ಪಕ್ಕ ಮೂರು ಮಹಡಿಯ ಕಟ್ಟಡ ಎದ್ದ ಮೇಲೆ ಒಳಗೆ ಗಾಳಿಯೇ ಇಲ್ಲ. ಬೇಸಿಗೆಯಲ್ಲಿ ಹಬೆಯಲ್ಲಿಟ್ಟ ಕಡುಬಿನಂತೆ ಬೇಯುತ್ತೇವೆ. ನಿಮ್ಮಮ್ಮ ಸವಿತಾ ಎ.ಸಿ. ತರಿಸಲು ತೀರ್ಮಾನಿಸಿದಳು. ಅದನ್ನು ಕೂರಿಸಲು ಅವಳು ತೋರಿಸಿದ್ದು ನಿಮ್ಮಜ್ಜನ ಫೋಟೋ ಇರುವ ಗೋಡೆ! ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ನಾನು ಮಾತಾಡುವುದು ಆ ಫೋಟೋದ ಜೊತೆ. ಅದನ್ನು ಹೇಳಲು ನಾಚಿಕೆಯಾಯಿತು.

“ಎ.ಸಿ. ಯಾಕೆ ಸವಿತಾ, ಕರೆಂಟ್ ದಂಡ. ಗಾಳಿ ಬರೋ ದಾರಿ ನೋಡಿ ಒಂದು ಕಿಟಕಿ ಇಡ್ಸಿದ್ರೆ ಸಾಕು” ಎಂದೆ.

“ಆಯ್ತು ಅತ್ತೆ, ಭಾನುವಾರದೊಳಗೆ ದಾರಿ ಹುಡುಕಿ ಕೊಡಿ” ಎಂದು ನಕ್ಕಳು.

ನೀವು ದೇವರಮನೆ ಬೆಟ್ಟ ನೋಡಲು ಹೋದ ಶನಿವಾರ, ಮೆಣಸಿನ ಚೀಲದ ತಳದ ಹೊಟ್ಟು, ಧೂಳನ್ನೆಲ್ಲ ಮೊರಕ್ಕೆ ತುಂಬಿಕೊಂಡು ತಾರಸಿ ಹತ್ತಿದೆ. ಹೊಟ್ಟು ಹಾರಿದ ಕಡೆಯೇ ಗಾಳಿಯ ದಾರಿ. ಒಂದು ಹಿಡಿ ಸಾಕಿತ್ತು. ಪಂಡಿತೆಯಲ್ಲವೇ, ಇಡೀ ಮೊರ ತೂರಿದೆ!

ಕಟ್ಟಡಗಳ ನಡುವಿನ ಸಂದಿಗೆ ನುಗ್ಗಿದ ಗಾಳಿಗೆ ಹುಚ್ಚು ಹಿಡಿಯುತ್ತದೆಂದು ಎಸ್ಟೇಟಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟೂ ಧೂಳು ಪಕ್ಕದ ಮನೆಯ ಗಿರಿಜಕ್ಕನ ಕಿಟಕಿಗೆ, ಅಲ್ಲಿಂದ ಇಡೀ ಬೀದಿಗೆ!

“ಆಕ್ಷೀ! ಏನ್ ಮಾರಾಯ್ತಿ ಇದು? ಕಣ್ಣು ಹೋಯ್ತಲ್ಲೇ!” ಗಿರಿಜಕ್ಕ ಕಿರುಚಿದರು.

“ಗಾಳಿ ನೋಡ್ತಿದ್ದೆ ಗಿರಿಜಕ್ಕ…”

“ಕಾಣಿಸ್ತಾ?”

ಬೀದಿಯ ಕಿಟಕಿಗಳೆಲ್ಲ ಪಟಪಟನೆ ಮುಚ್ಚಿಕೊಂಡವು. ಮುಚ್ಚಿದ ಮೇಲೆ ಸೆಕೆ. ಸೆಕೆಗೆ ಎಲ್ಲರ ಮನೆಯ ಫ್ಯಾನು, ಕೂಲರು, ಎ.ಸಿ. ಒಟ್ಟಿಗೇ ಶುರು. ಮೂಲೆಯ ಟ್ರಾನ್ಸ್‌ಫಾರ್ಮರ್ ಒಂದು ಸಲ ಗೊರ್ ಎಂದಿತು. ಆಮೇಲೆ ಢಂ!

ಕರೆಂಟ್ ಉಳಿಸಲು ಹೊರಟವಳು ಬೀದಿಯ ಕರೆಂಟನ್ನೇ ತೆಗೆದಿದ್ದೆ. ಕಿಟಕಿ ತೆರೆದರೆ ಸೀನು, ಮುಚ್ಚಿದರೆ ಬೆವರು. ಸಂಜೆವರೆಗೂ ಇದೇ.

“ದಾರಿ ಸಿಕ್ತಾ ಅತ್ತೆ?” ಸವಿತಾ ಮೂಗು ಒರೆಸಿಕೊಳ್ಳುತ್ತಾ ಕೇಳಿದಳು.

“ಸಿಕ್ತು. ಗಿರಿಜಕ್ಕನ ಮನೆಗೆ” ಎಂದೆ.

ಭಾನುವಾರ ಎ.ಸಿ. ಬಂತು. ಸವಿತಾ ತೋರಿಸಿದ ಗೋಡೆಯಲ್ಲೇ ಕೂತಿತು, ಅಲ್ಲಿದ್ದ ಫೋಟೋ ಎದುರು ಗೋಡೆಗೆ ಹೋಯಿತು. ಈಗ ಆ ತಣ್ಣನೆ ಗಾಳಿಯೆಲ್ಲ ನೇರ ನಿಮ್ಮಜ್ಜನ ಮುಖಕ್ಕೇ! ನಾನು ಸ್ವೆಟರ್ ಹಾಕಿಕೊಂಡು, ಕಾಫಿ ಹಿಡಿದು ಅವರೆದುರು ಕೂರುತ್ತೇನೆ. ಮೊದಲಿನಂತೆಯೇ ಎಲ್ಲ ಮಾತಾಡುತ್ತೇನೆ.

ಗಾಳಿಯ ವಿಷಯ ಒಂದು ಬಿಟ್ಟು.