ವಿಜಾಪುರದ ದಾರಿಯಲ್ಲಿ ಬಿದ್ದ ಎರಡು ಇಂಚು

"ಇನ್ನ ಎಂಟ ದಿನಕ್ಕ ನಾ ಪೊಲೀಸ! ಓಣ್ಯಾಗಿನ ಮಂದಿ ಎಲ್ಲಾ ಕೇಳ್ರಿ, ಪೊಲೀಸ!"

ಬನಹಟ್ಟಿಯ ನೇಕಾರ ಓಣಿಯಲ್ಲಿ, ಕುಣಿಮಗ್ಗದ ಕುಣಿಯೊಳಗೆ ಸೊಂಟದವರೆಗೆ ಇಳಿದು ಕೂತಿದ್ದ ಹುಲೆಪ್ಪ ಲಾಳಿ ಬದಿಗಿಟ್ಟು, ಎದೆ ಉಬ್ಬಿಸಿ ಈ ಘೋಷಣೆ ಮಾಡಿದ. ಓಣಿ ಕೇಳಿತೋ ಇಲ್ಲವೋ, ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಶಂಕ್ರೆವ್ವ ಕೇಳಿದಳು. ತಲೆ ಎತ್ತದೆ ಹೇಳಿದಳು:

"ಮೊದಲ ಕುಣಿಯಿಂದ ಎದ್ದ ಬರ್ರಿ. ಅರ್ಧಾ ಪೊಲೀಸನ್ನ ಸರಕಾರ ತಗೊಳ್ಳೂದಿಲ್ಲ."

ಹುಲೆಪ್ಪನಿಗೆ ಅವಸರವಿತ್ತು. ಜಮಖಂಡಿ ಸಂಸ್ಥಾನ ಮುಂಬಯಿ ಸರಕಾರದೊಳಗೆ ಸೇರಿ ನಾಲ್ಕು ವರ್ಷವಾಗಿತ್ತು. ಚಾವಡಿಯ ಗೋಡೆಗೆ ಪೊಲೀಸ್ ಭರತಿಯ ಕಾಗದ ಅಂಟಿಸಿದ್ದರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿರಬೇಕು: ಆಗಿದ್ದ, ಅದೂ ದುಂಡಗಿನ ಅಕ್ಷರದಲ್ಲಿ! ವಯಸ್ಸು ಇಪ್ಪತ್ತೈದರೊಳಗಿರಬೇಕು: ಬರುವ ಯುಗಾದಿಗೆ ಇಪ್ಪತ್ತೈದು ತುಂಬುತ್ತಿತ್ತು. ಅಂದರೆ ಈ ಸಲ ತಪ್ಪಿದರೆ ಜನ್ಮದಲ್ಲಿ ಇಲ್ಲ. ಮಗ್ಗದ ಕಥೆಯಂತೂ ಹೇಳುವಂತಿರಲಿಲ್ಲ. ಮಿಲ್ಲಿನ ಬಟ್ಟೆ ಬಂದು ಪೇಟೆ ತುಂಬಿತ್ತು, ನೂಲು ಸಿಕ್ಕರೆ ಸಿಕ್ಕಿತು ಇಲ್ಲದಿದ್ದರೆ ಇಲ್ಲ. ತಿಂಗಳಲ್ಲಿ ಹತ್ತು ದಿನ ಲಾಳಿ ಓಡಿದರೆ ಹೆಚ್ಚು. ಅಪ್ಪ ಶಿವಯೋಗೆಪ್ಪನ ಕೆಮ್ಮು ಮಾತ್ರ ಮೂವತ್ತೂ ದಿನ ಓಡುತ್ತಿತ್ತು. ಅವ್ವ ಸೋಮವ್ವ ಬುಟ್ಟಿಯೊಳಗಿನ ರೊಟ್ಟಿ ಎಣಿಸತೊಡಗಿ ಎರಡು ವರ್ಷವಾಗಿತ್ತು.

ಹೀಗಾಗಿ ಆ ಮನೆಗೆ ಒಬ್ಬ ಪೊಲೀಸ ಬೇಕೇಬೇಕಾಗಿತ್ತು!

ಉಳಿದದ್ದು ಒಂದೇ ಶರತ್ತು. ಎತ್ತರ ಐದು ಅಡಿ ಐದು ಇಂಚು.

"ಅಳದ ನೋಡೂಣು, ಗಜ ತಾ," ಎಂದ ಹುಲೆಪ್ಪ.

ಗಜ ಎಂದರೆ ಆ ಮನೆಯಲ್ಲಿ ಸಾಮಾನ್ಯ ಕೋಲಲ್ಲ. ದೇವರ ಗೂಡಿನ ಪಕ್ಕದ ಮೊಳೆಗೆ ತೂಗಿಬಿಟ್ಟ, ಮೂರು ತಲೆಮಾರು ಕಂಡ ಕರೀ ಕೋಲು. ಮೂವತ್ತಾರು ಇಂಚಿಗೆ ಮೂವತ್ತಾರು ಗೆರೆ, ಎರಡೂ ತುದಿಗೆ ಹಿತ್ತಾಳೆಯ ಟೊಪ್ಪಿಗೆ, ಮೇಲೆ ವಿಭೂತಿ. ಶಿವಯೋಗೆಪ್ಪನ ಗಜದಿಂದ ಅಳೆದ ಸೀರೆ ಎಂದರೆ ವ್ಯಾಪಾರಿಗಳು ಮಡಿಕೆ ಬಿಚ್ಚದೆ ಎತ್ತಿಟ್ಟುಕೊಳ್ಳುತ್ತಿದ್ದರು. ಅಷ್ಟು ನಂಬಿಕೆ!

ಹುಲೆಪ್ಪ ಕಂಬಕ್ಕೆ ಬೆನ್ನು ಹಚ್ಚಿ ನಿಂತ. ಶಂಕ್ರೆವ್ವ ತುದಿಗಾಲ ಮೇಲೆ ನಿಂತು ಅವನ ತಲೆಯ ಮಟ್ಟಕ್ಕೆ ಇದ್ದಿಲಿನ ಗೆರೆ ಎಳೆದಳು. ಎಳೆಯುವಾಗ ಸೆರಗು ಜಾರಿತು. ಮೂಲೆಯಲ್ಲಿ ಕೂತ ಸೋಮವ್ವ ಇದಕ್ಕೇ ಕಾದಿದ್ದಳು.

"ಒಂಬತ್ತ ಗಜದ ಸೀರಿ ಸಾಲವಲ್ದು ಅಂದ್ರ ಸೀರೀದಲ್ಲವ್ವ ತಪ್ಪು. ನನಗ ನೋಡು, ಲಗ್ನದ ಸೀರಿ ಸುತ್ತಿ ಸುತ್ತಿ ಇನ್ನಾ ಉಳೀತೈತಿ. ರೊಟ್ಟಿ ಎಣಿಸಿ ತಿನ್ನಬೇಕು."

"ಎಣಿಸಾಕ ನೀವ ಇದ್ದೀರೆಲ್ಲ, ಅತ್ತಿ," ಎಂದು ಶಂಕ್ರೆವ್ವ ಸೆರಗು ಎಳೆದುಕೊಂಡಳು. ಐದು ವರ್ಷದಿಂದ ಹೀಗೇ ಎಳೆದುಕೊಳ್ಳುತ್ತಿದ್ದಳು. ಎಷ್ಟು ಎಳೆದರೂ ಅದು ಮೊಣಕೈ ದಾಟುತ್ತಿರಲಿಲ್ಲ.

ಗಜ ಕಂಬದ ಮೇಲೆ ಒಂದು ಸಲ ಏರಿತು, ಮೂವತ್ತಾರು. ಮತ್ತೆ ಏರಿತು, ಇದ್ದಿಲಿನ ಗೆರೆಯ ಮೇಲೆ ಆರು ಇಂಚು ಉಳಿಯಿತು: ಮೂವತ್ತಾರರಲ್ಲಿ ಆರು ಕಳೆದರೆ ಮೂವತ್ತು. ಕೂಡಿಸಿದರೆ ಐದು ಅಡಿ ಆರು ಇಂಚು! ಸರಕಾರ ಕೇಳಿದ್ದಕ್ಕಿಂತ ಒಂದು ಇಂಚು ಹೆಚ್ಚು!

"ಮ್ಯಾಲಿಂದು ಒಂದ ಇಂಚು ಸರಕಾರಕ್ಕ ದಾನ!" ಎಂದ ಹುಲೆಪ್ಪ.

ಆಗ ಶಿವಯೋಗೆಪ್ಪ ಕೆಮ್ಮಿದ. "ಲೇ ಹುಲ್ಯಾ, ಬ್ಯಾಡೋ. ಹೋಗಬ್ಯಾಡ. ನೀ ಮುಟ್ಟೂದಿಲ್ಲ."

"ಏನ ಮುಟ್ಟೂದಿಲ್ಲ?"

"ಅಳತಿ."

"ಈಗ ಕಣ್ಣಮುಂದ ಅಳದೇವಲ್ಲೋ ಯಪ್ಪಾ!"

"ಅಳದ್ರೂ ಮುಟ್ಟೂದಿಲ್ಲ."

"ನಿನ್ನ ಗಜದ ಮ್ಯಾಲೆ ನಿನಗ ನಂಬಿಕಿ ಇಲ್ಲನ?"

ಶಿವಯೋಗೆಪ್ಪ ಗೋಡೆಯ ಕಡೆ ತಿರುಗಿ, ಕೆಮ್ಮು ಮುಗಿದ ಮೇಲೂ ಸ್ವಲ್ಪ ಹೊತ್ತು ಕೆಮ್ಮಿದ. ಮಗ ದೂರ ಹೋಗುತ್ತಾನಲ್ಲ, ಮುದುಕನ ಕರುಳು ಎಂದುಕೊಂಡ ಹುಲೆಪ್ಪ.

ಮರುದಿನದಿಂದ ತಾಲೀಮು! ಬೆಳಿಗ್ಗೆ ಎದ್ದು ರಬಕವಿ ರಸ್ತೆಯಲ್ಲಿ ಓಟ. ಮೊದಲ ದಿನ ಎರಡು ನಾಯಿ ಹಿಂದೆ ಬಂದವು, ಮೂರನೆಯ ದಿನ ಏಳು. ನಾಯಿಗಳ ದಯದಿಂದ ಹುಲೆಪ್ಪನ ಓಟ ಬಹಳ ಸುಧಾರಿಸಿತು. ಪಕ್ಕದ ಮನೆಯ ನಿಂಗಣ್ಣ ಎರಡು ಸಲ ಭರತಿಗೆ ಹೋಗಿ ಎರಡು ಸಲ ತಿರುಗಿ ಬಂದವನು. ಹೀಗಾಗಿ ಓಣಿಯಲ್ಲಿ ಪೊಲೀಸ್ ಖಾತೆಯ ಬಗ್ಗೆ ಅವನಷ್ಟು ತಿಳಿದವರು ಇರಲಿಲ್ಲ.

"ತಮ್ಮಾ, ಸಾವಿರ ಮಂದಿ ಬಂದಿರತಾರ," ಎಂದ ನಿಂಗಣ್ಣ. "ಆ ಗದ್ದಲದಾಗ ಅಳತಿ ಹೆಚ್ಚ ಕಡಿಮಿ ಆಗೇ ಆಗತೈತಿ. ಅದಕ್ಕ ನಿನ್ನ ಅಳತಿ ನೀ ಒಯ್ಯಿ. ತಕರಾರ ಬಂತಂದ್ರ ಮುಂದ ಹಿಡದಬಿಡು!"

ಹುಲೆಪ್ಪನಿಗೆ ಇದು ದೇವರೇ ಹೇಳಿದಂತಾಯಿತು. ಆದರೆ ಅಪ್ಪನ ಮುಂದೆ ಮಾತು ತೆಗೆದಾಗ ಮುದುಕ ಬೆಳ್ಳಗಾದ.

"ಗಜ ಮನಿ ಹೊಸ್ತಿಲ ದಾಟಬಾರದು! ಅಜ್ಜನ ಆಣಿ ಐತಿ!"

ಅಜ್ಜನ ಆಣೆಯ ಸುದ್ದಿ ಆ ಮನೆಯಲ್ಲಿ ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಶಿವಯೋಗೆಪ್ಪ ಬಾವಿಗೆ ಹೋದ ವೇಳೆ ನೋಡಿ, ಹುಲೆಪ್ಪ ಗಜ ಇಳಿಸಿ ಧೋತರದಲ್ಲಿ ಸುತ್ತಿದ.

"ಮಾವಾರನ್ನ ಕೇಳಿದ್ರೇನ?" ಎಂದಳು ಶಂಕ್ರೆವ್ವ, ಬುತ್ತಿ ಕಟ್ಟುತ್ತ.

"ಪೊಲೀಸರು ಯಾರನ್ನೂ ಕೇಳೂದಿಲ್ಲ."

"ಹೌದ್ರಿ. ಅವರ ಎಲ್ಲಾರನ್ನೂ ಕೇಳತಾರ," ಎಂದು ಅವಳು ಬುತ್ತಿ ಕೈಗಿಟ್ಟಳು. ಎರಡು ರೊಟ್ಟಿ ಹೆಚ್ಚಿಗೆ ಇದ್ದವು. ಅವು ಅವಳ ಪಾಲಿನವು ಎಂದು ಅವನಿಗೆ ವಿಜಾಪುರ ಮುಟ್ಟಿ ಗಂಟು ಬಿಚ್ಚಿದಾಗ ತಿಳಿಯಿತು.

ಕೃಷ್ಣಾ ಹೊಳೆ ದಾಟಿ, ಇನ್ನೊಂದು ಬಸ್ಸು ಹಿಡಿದು, ಮೈಯಲ್ಲಿನ ಎಲುಬುಗಳೆಲ್ಲ ಜಾಗ ಬದಲಿಸಿದ ಮೇಲೆ ವಿಜಾಪುರ ಬಂತು. ಮರುದಿನ ಪರೇಡ್ ಮೈದಾನದಲ್ಲಿ ನೂರಾರು ಹುಡುಗರು, ಎಲ್ಲರ ಮುಖದಲ್ಲೂ ಒಂದೇ ಹಸಿವು. ಓಟದಲ್ಲಿ ಹುಲೆಪ್ಪ ನಾಲ್ಕನೆಯವನಾಗಿ ಬಂದ. ಹಿಂದೆ ನಾಯಿಗಳಿದ್ದಿದ್ದರೆ ಮೊದಲನೆಯವನೇ ಆಗುತ್ತಿದ್ದ! ಎದೆಯ ಅಳತೆಯಲ್ಲಿ ಉಸಿರು ಹಿಡಿದವನು ಟೇಪು ತೆಗೆದ ಮೇಲೂ ಬಿಡಲಿಲ್ಲ. ಜಮಾದಾರನೇ ಬೆನ್ನಿಗೆ ಒಂದು ಹಾಕಿ ಬಿಡಿಸಬೇಕಾಯಿತು.

ಆಮೇಲೆ ಎತ್ತರದ ಕಂಬ. ಜಾರುವ ಹಲಗೆ ಟಕ್ಕೆಂದು ನೆತ್ತಿಗೆ ಬಡಿಯಿತು.

"ಐದು ನಾಲ್ಕು! ಕಮ್ಮಿ! ಪುಢೇ ಚಲಾ! ಮುಂದ ನಡಿ!" ಎಂದು ಜಮಾದಾರ ಮುಂದಿನವನ ಕೊರಳಿಗೆ ಕೈ ಹಾಕಿದ.

"ಸಾಹೇಬ್ರ! ಮನ್ಯಾಗ ಐದ ಆರ ಇದ್ನಿರಿ!"

"ಹಂಗಾದ್ರ ಮನ್ಯಾಗ ಪೊಲೀಸಾಗು."

ಸಾಲು ನಕ್ಕಿತು. ಎರಡು ಇಂಚು! ಬನಹಟ್ಟಿಯಿಂದ ವಿಜಾಪುರ ಮುಟ್ಟುವುದರೊಳಗೆ ಎರಡು ಇಂಚು ಎಲ್ಲಿ ಬಿದ್ದವು? ಹೊಳೆಯೊಳಗೆ? ಬಸ್ಸಿನೊಳಗೆ? ಹುಲೆಪ್ಪನ ಕಣ್ಣ ಮುಂದೆ ಯುಗಾದಿ ಬಂತು, ಖಾಲಿ ಕುಣಿ ಬಂತು, ಆ ಎರಡು ರೊಟ್ಟಿ ಬಂದವು. ಧೋತರದ ಗಂಟು ಬಿಚ್ಚಿ ಗಜ ಎತ್ತಿ ಹಿಡಿದು, ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದ:

"ನಿಮ್ಮ ಅಳತಿ ಖೋಟಾ ಐತ್ರಿ! ಇಲ್ಲೈತಿ ನೋಡ್ರಿ ಖರೆ ಅಳತಿ!"

ನಗು ಒಮ್ಮೆಲೇ ನಿಂತಿತು. ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದ ದೊಡ್ಡ ಸಾಹೇಬರು ಬೆರಳು ಮಾಡಿ ಕರೆದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚಲೋ ಇತ್ತು.

"ಯಾವ ಗಜ ಇದು?"

"ಬನಹಟ್ಟಿ ಶಿವಯೋಗೆಪ್ಪನ ಮನೀದ್ರಿ! ಮೂರ ತಲಿಮಾರಿಂದು! ನಮ್ಮ ಮನ್ಯಾಗ ನೇಯ್ದ ಒಂದೊಂದ ಸೀರೀನೂ ಇದರಿಂದನ ಅಳದ ಪ್ಯಾಟಿಗೆ ಕಳಿಸೇವ್ರಿ! ಬೇಕಾದವರನ್ನ ಕೇಳ್ರಿ!"

"ಬೇಕಾಗಿಲ್ಲ," ಎಂದರು ಸಾಹೇಬರು. "ಉಕ್ಕಿನ ಪಟ್ಟಿ ತಾ."

ಉಕ್ಕಿನ ಪಟ್ಟಿ ಬಂತು. ಗಜವನ್ನು ಮೇಜಿನ ಮೇಲೆ ಮಲಗಿಸಿ, ಮಗ್ಗುಲಿಗೆ ಅದನ್ನು ಚಾಚಿದರು. ಮೂವತ್ತೈದು. ಗಜ ತಿರುಗಿಸಿ ಇಟ್ಟರು. ಮೂವತ್ತೈದು. ಗೆರೆ ಎಣಿಸಿದರೆ ಅವೂ ಮೂವತ್ತೈದೇ! ಕಂಬದ ಮೇಲೆ ಎರಡು ಸಲ ಏರಿದ ಗಜ ಎರಡು ಸಲವೂ ಒಂದೊಂದು ಇಂಚು ಸುಳ್ಳು ಹೇಳಿತ್ತು. ದಿನಾ ಕೈಮುಗಿಯುವ ಕೋಲಿನ ಗೆರೆಯನ್ನು ಹುಲೆಪ್ಪ ಜನ್ಮದಲ್ಲಿ ಎಣಿಸಿರಲಿಲ್ಲ.

ಸಾಹೇಬರು ತುದಿಯ ಹಿತ್ತಾಳೆ ಟೊಪ್ಪಿಗೆ ಕೀಳಿಸಿದರು. ಒಳಗೆ ಗರಗಸದ ಗುರುತು. ಟೊಪ್ಪಿಗೆ ಬಿಗಿಯಾಗಿ ಕೂಡಲಿ ಎಂದು ನೂಲು ಸುತ್ತಿ ಗಂಟು ಹಾಕಿತ್ತು. ಆ ಗಂಟು ನೋಡಿದ್ದೇ ಹುಲೆಪ್ಪನ ಎದೆಯೊಳಗೆ ಹಿಡಿದಿಟ್ಟಿದ್ದ ಉಸಿರೆಲ್ಲ ಇಳಿದುಹೋಯಿತು. ಮಗ್ಗದ ಹಾಸಿನ ಎಳೆ ಹರಿದಾಗ ಅಷ್ಟು ಸಣ್ಣ ಗಂಟು ಹಾಕುವವರು ಇಡೀ ಓಣಿಯಲ್ಲಿ ಒಬ್ಬರೇ ಇದ್ದರು. ಹೊರಡುವ ದಿನ ಅವರು ಬಾವಿಗೆ ಹೋಗಿದ್ದರು.

"ಗಜಕ್ಕ ಒಂದ ಇಂಚು," ಎಂದರು ಸಾಹೇಬರು ನಿಧಾನವಾಗಿ. "ಒಂಬತ್ತ ಗಜದ ಸೀರಿಗೆ ಒಂಬತ್ತ ಇಂಚು. ಪಾವ ಗಜ, ಗಜದಾಗ ಕಾಲ ಭಾಗ. ಬರಿಯಾಕ ಬರತೈತೇನ ನಿನಗ?"

"ಮುಲ್ಕಿ ಪಾಸ್ ರಿ."

"ಹಂಗಾದ್ರ ನೀನ ಬರಿ. ಕೊಯ್ದವರು ಯಾರು, ಹೆಸರ ಹಾಕು."

ಪೊಲೀಸರ ಕಾಗದದ ಮೇಲೆ ತನ್ನ ದುಂಡಗಿನ ಅಕ್ಷರ ಬೀಳಬೇಕೆಂದು ಹುಲೆಪ್ಪ ಎಷ್ಟು ದಿನದಿಂದ ಆಸೆಪಟ್ಟಿದ್ದ! ಬಿತ್ತು. ಹೆಸರಿನ ಜಾಗ ಬಂದಾಗ ಲೆಕ್ಕಣಿಕೆ ನಿಂತಿತು. ಆಮೇಲೆ ಹೋಯಿತು. 'ಹುಲೆಪ್ಪ ಶಿವಯೋಗೆಪ್ಪ. ನಾನೇ ಕೊಯ್ದಿದ್ದೇನೆ.'

ಸಾಹೇಬರು ಓದಿದರು. "ನೀನ? ಯಾವಾಗ?"

"ಹೋದ ವರ್ಷರಿ."

"ಹೋದ ವರ್ಷ!" ಟೊಪ್ಪಿಗೆಯನ್ನು ಬೆರಳಲ್ಲಿ ತಿರುಗಿಸಿದರು. "ಇದರ ಒಳಗಿನ ಕರಿ ನೋಡಿದ್ರ ಹತ್ತ ವರ್ಷ ಆಗೇತಿ. ಹತ್ತ ವರ್ಷದ ಹಿಂದ ನೀ ಸಾಲ್ಯಾಗ ಇದ್ದಿ. ಲೇ, ಪೊಲೀಸ ಆಗಾಕ ನೀ ಒಂದ ಇಂಚ ಕಮ್ಮಿ ಅದಿ. ಕಳ್ಳ ಆಗಾಕ ಇನ್ನೂ ಭಾಳ ಕಮ್ಮಿ ಅದಿ."

ಆದರೂ ಬರೆದದ್ದನ್ನು ಹರಿಯಲಿಲ್ಲ. ಗಜ ಜಪ್ತಿಯಾಯಿತು. ಇನ್ನು ಮೇಲೆ ನೇಯ್ದ ಒಂದೊಂದು ಸೀರೆಯನ್ನೂ ಮಂಗಳವಾರ ಊರ ಠಾಣೆಗೆ ಒಯ್ದು, ಅಲ್ಲಿಯ ಗಜದಿಂದ ಅಳೆಸಿ, ಸಿಕ್ಕೆ ಒತ್ತಿಸಿಕೊಂಡೇ ಪೇಟೆಗೆ ಹೋಗಬೇಕು ಎಂದು ಹುಕುಂ ಆಯಿತು.

ಹುಲೆಪ್ಪ ಮನೆಗೆ ಬಂದಾಗ ಶಿವಯೋಗೆಪ್ಪ ಕುಣಿಯಲ್ಲಿ ಸುಮ್ಮನೆ ಕೂತಿದ್ದ. ಮಗ್ಗದ ಮೇಲೆ ನೂಲಿರಲಿಲ್ಲ. ಮಗನ ಮುಖ ನೋಡಲಿಲ್ಲ, ಕೈ ನೋಡಿದ.

"ಗಜ?"

"ವಿಜಾಪುರದಾಗ ಐತಿ."

"ಎಷ್ಟ ಬಂತು?"

"ಮೂವತ್ತೈದು."

ಮುದುಕ ತಲೆ ಅಲ್ಲಾಡಿಸಿದ. ಗೊತ್ತಿದ್ದ ಲೆಕ್ಕವೇ.

"ಯುದ್ಧದ ಕಾಲಕ್ಕ ನೂಲು ರೇಶನ್ನಿಗೆ ಬಿತ್ತು," ಎಂದ ಕೊನೆಗೆ. "ನಾಕ ಸೀರಿ ನೇಯ್ದ್ರ ಒಂದ ಗಜದಷ್ಟ ನೂಲು ಕೈಯಾಗ ಉಳೀತಿತ್ತು. ಅದರಾಗ ನಿಂದು ಪಾಟಿ, ಪುಸ್ತಕ, ಜಮಖಂಡಿಗೆ ಹೋಗಿ ಬರೂದು. ಅದರಾಗ ನಿನ್ನ ಮುಲ್ಕಿ ಆತು. ಆಮ್ಯಾಲೆ ಸರಿ ಮಾಡೂಣು ಅಂದ್ನಿ. ಕೊಯ್ದ ಕೋಲು ಹ್ಯಾಂಗ ಉದ್ದ ಮಾಡ್ಲೋ?"

ಮುಲ್ಕಿ ಇಲ್ಲದಿದ್ದರೆ ಹುಲೆಪ್ಪ ಭರತಿಗೆ ಹೋಗುವಂತೆಯೇ ಇರಲಿಲ್ಲ. ಯಾವ ಇಂಚಿನ ಮೇಲೆ ಹತ್ತಿ ಅವನು ವಿಜಾಪುರದವರೆಗೆ ಹೋದನೋ, ಅದೇ ಇಂಚು ಅವನನ್ನು ಕೆಳಗೆ ಕೆಡವಿತ್ತು.

"ನಾಳೆ ನಾ ಠಾಣೇಕ್ಕ ಹೋಗಿ ಹೇಳತೇನಿ," ಎಂದ ಶಿವಯೋಗೆಪ್ಪ.

"ಬ್ಯಾಡ. ಹೆಸರ ನಂದು ಬರದ ಬಂದೇನಿ."

ಆ ಸಲ ಮುದುಕನಿಗೆ ಕೆಮ್ಮಲೂ ನೆನಪಾಗಲಿಲ್ಲ.

ಮುಂದಿನ ದಿನಗಳು ಸುಖದವಲ್ಲ. ಮಡಿಕೆ ಬಿಚ್ಚದೆ ಸೀರೆ ಎತ್ತಿಡುತ್ತಿದ್ದ ವ್ಯಾಪಾರಿಗಳು ಈಗ ಅಂಗಡಿಯ ಮೆಟ್ಟಿಲ ಮೇಲೇ ಹುಲೆಪ್ಪನನ್ನು ನಿಲ್ಲಿಸಿದರು. ನಿಂಗಣ್ಣ ಕಂಡಾಗೆಲ್ಲ ಸೆಲ್ಯೂಟ್ ಹೊಡೆದ. ಯುಗಾದಿ ಬಂತು, ಹುಲೆಪ್ಪನಿಗೆ ಇಪ್ಪತ್ತೈದು ತುಂಬಿತು, ಬೇವು ತಿಂದ. ಬೆಲ್ಲ ಆ ವರ್ಷ ಇರಲಿಲ್ಲ. ಸಿಕ್ಕ ಸ್ವಲ್ಪ ನೂಲಿನಲ್ಲಿ ಮೊದಲ ಸೀರೆ ನೇಯ್ದು, ಮಂಗಳವಾರ ಠಾಣೆಗೆ ಒಯ್ದ. ಹವಾಲ್ದಾರ ಅಳೆದ: ಪೂರಾ ಒಂಬತ್ತು ಗಜ! ಸಿಕ್ಕೆ ಬಿತ್ತು. ಆದರೆ ಪೊಲೀಸರ ಸಿಕ್ಕೆಯ ಸೀರೆ ಯಾರು ಉಡುತ್ತಾರೆ? ಮೂರು ಅಂಗಡಿ ತಿರುಗಿ ಸೀರೆ ಮನೆಗೇ ಬಂತು.

"ಕೊಡ್ರಿ ಇಲ್ಲೆ," ಎಂದು ಶಂಕ್ರೆವ್ವ ಕಸಿದುಕೊಂಡು ಒಳಗೆ ಹೋದಳು.

ಉಟ್ಟು ಹೊರಗೆ ಬಂದಳು. ಸುತ್ತು ಸುತ್ತಿ, ಕಚ್ಚೆ ಹಾಕಿ, ತಲೆಯ ಮೇಲೆ ಹೊದ್ದು, ಸೆರಗು ಮೊಣಕೈ ದಾಟಿ ಇನ್ನೂ ಒಂದು ಗೇಣು ಕೆಳಗೆ ತೂಗುತ್ತಿತ್ತು! ಅವಳು ಅತ್ತೆಯ ಮುಂದೆ ಒಂದು ಸಲ ಹೋದಳು, ಒಂದು ಸಲ ಬಂದಳು. ಸೋಮವ್ವ ಬುಟ್ಟಿಯೊಳಗಿನ ರೊಟ್ಟಿ ಎಣಿಸುವುದು ಬಿಟ್ಟು, ಗಂಡ ಕೂತಿದ್ದ ಕುಣಿಯ ಕಡೆ ಒಂದು ನೋಟ ನೋಡಿದಳು. ಶಿವಯೋಗೆಪ್ಪ ಕುಣಿಯೊಳಗೆ ಇನ್ನಷ್ಟು ಇಳಿದ.

ಹುಲೆಪ್ಪ ಕಂಬಕ್ಕೆ ಒರಗಿ ನಿಂತಿದ್ದ, ಇದ್ದಿಲಿನ ಹಳೆಯ ಗೆರೆಯ ಕೆಳಗೆ. ಶಂಕ್ರೆವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, ಐದು ವರ್ಷದ ಉಸಿರು ಬಿಟ್ಟಳು.

"ಖರೆ ಗಜದ ಅಳತಿ ಸಿಕ್ಕಿದ್ದ ಚಲೋ ಆತ ನೋಡ್ರಿ. ನೀವು ಎರಡ ಇಂಚ ಗಿಡ್ಡ ಆದ್ರಿ, ನಾ ಪಾವ ಗಜ ತೆಳ್ಳಗಾದ್ನಿ!"