ನೆಲ ಕಚ್ಚಿದ ಯಜಮಾನರು

ಇನ್ನು ಮೇಲೆ ಈ ಮನೆಗೆ ಕನ್ನಡಿಯ ಅಗತ್ಯವಿಲ್ಲ, ತಲೆ ಬಾಚಿಕೊಳ್ಳುವವರು ಹಾಲ್‌ಗೆ ಬಂದು ಕೆಳಗೆ ನೋಡಿದರೆ ಸಾಕು ಎಂದು ಯಜಮಾನರು ಘೋಷಿಸಿದ ದಿನವೇ ಅವರ ಹೆಂಡತಿಗೆ ಒಳಗೊಳಗೆ ಭಯ ಶುರುವಾಗಿತ್ತು.

ಯಜಮಾನರು ಪೇಟೆಯ ಮೂಲೆಯಲ್ಲಿ ಔಷಧದಂಗಡಿ ಇಟ್ಟವರು. ಕೆಮ್ಮಿಗೆ ಕೆಂಪು ಬಾಟಲಿ, ಹೊಟ್ಟೆಯುರಿಗೆ ಬಿಳಿ ಬಾಟಲಿ ಕೊಟ್ಟು ಕೊಟ್ಟು, ರಸಾಯನಶಾಸ್ತ್ರ ಹುಟ್ಟಿದ್ದೇ ತಮ್ಮ ಕೌಂಟರಿನ ಹಿಂದೆ ಎಂಬ ನಂಬಿಕೆ ಅವರಲ್ಲಿ ಬೇರುಬಿಟ್ಟಿತ್ತು. ಹಾಲ್‌ನ ಹಳೆಯ ಟೈಲ್ಸುಗಳು ಅಲ್ಲಲ್ಲಿ ಎದ್ದು, ನಡೆದಾಗಲೆಲ್ಲ ಟಕಟಕ ಎನ್ನತೊಡಗಿದಾಗ, ಬೇರೆ ಟೈಲ್ಸು ಹಾಕಿಸಿಬಿಡೋಣ ಎಂದು ಹೆಂಡತಿ ಹೇಳಿ ನೋಡಿದಳು. ಯಜಮಾನರು ಕೇಳಲಿಲ್ಲ. ಯಾವುದೋ ದೊಡ್ಡ ಆಫೀಸಿನಲ್ಲಿ ಉಜ್ಜಿ ಪಾಲಿಶ್ ಮಾಡಿದ ಕಾಂಕ್ರೀಟ್ ನೆಲ ನೋಡಿ ಬಂದಿದ್ದರು. ಅಂದಿನಿಂದ ಅವರಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ.

ಸುದ್ದಿ ಫೋನಿನಲ್ಲಿ ಯಜಮಾನರ ಅಕ್ಕನಿಗೂ ಮುಟ್ಟಿತು.

"ಕಾಂಕ್ರೀಟಾ? ಮನೆ ಮಾಡ್ಕೋತಾ ಇದ್ದೀಯೋ, ಗೋಡೌನ್ ಮಾಡ್ಕೋತಾ ಇದ್ದೀಯೋ?" ಎಂದಳು ಅಕ್ಕ.

ತಾಯಿ ಬೇಗ ಹೋಗಿಬಿಟ್ಟಿದ್ದರಿಂದ ಯಜಮಾನರನ್ನು ಎತ್ತಿ ಆಡಿಸಿ ಬೆಳೆಸಿದವಳು ಈ ಅಕ್ಕನೇ. ತಮ್ಮ ಸುಳ್ಳು ಹೇಳಿದರೆ ಅವನ ಉಸಿರಿನಲ್ಲೇ ಪತ್ತೆ ಹಚ್ಚುವಳು. ಯಜಮಾನರ ತಲೆ ನರೆತಿತ್ತು, ಅಂಗಡಿಯಲ್ಲಿ ಇಬ್ಬರು ಕೆಲಸದವರು ಎದ್ದು ನಿಂತು ಮಾತಾಡಿಸುತ್ತಿದ್ದರು. ಆದರೆ ಅಕ್ಕನ ದನಿ ಕೇಳಿದೊಡನೆ ಅವರು ಚಡ್ಡಿ ಹಾಕಿದ ಹುಡುಗನಾಗಿಬಿಡುತ್ತಿದ್ದರು. ಹುಡುಗನ ಹಟವೂ ಜೊತೆಗೇ ಬರುತ್ತಿತ್ತು. ನೆಲ ಆದ ಮೇಲೆ ನೀನೇ ಬಂದು ನೋಡು, ಆಮೇಲೆ ಮಾತಾಡು ಎಂದು ಸವಾಲು ಹಾಕಿ ಫೋನ್ ಇಟ್ಟರು.

ಮನೆಗೆ ಮನೆಯೇ ತಲೆಕೆಳಗಾಯಿತು. ಹಾಲ್ ಖಾಲಿಯಾಗಬೇಕಿತ್ತಲ್ಲ! ಕಪಾಟು ಅಡುಗೆಮನೆಗೆ ಹೋಗಿ ಬಾಗಿಲಿಗೇ ಅಡ್ಡ ನಿಂತಿತು. ಸೋಫಾ ಮಲಗುವ ಕೋಣೆ ಹೊಕ್ಕಿತು. ಹಾಸಿಗೆ ಸೇರಬೇಕಾದರೆ ಗಂಡಹೆಂಡಿರಿಬ್ಬರೂ ಸೋಫಾ ಹತ್ತಿ ಇಳಿಯಬೇಕು. ಟೈಲ್ಸು ಕಿತ್ತರು, ಅದರ ಅಡಿಯ ಗಾರೆ ಕೆರೆದು ಕಾಂಕ್ರೀಟು ಬಯಲು ಮಾಡಿದರು, ಬಿರುಕುಗಳಿಗೆ ಮದ್ದು ತುಂಬಿದರು. ಆಮೇಲೆ ನೆಲ ಉಜ್ಜುವ ಯಂತ್ರ ಬಂತು. ಅದು ಗರಗರ ಎಂದು ತಿರುಗಿದ ದಿನಗಳಲ್ಲಿ ಮನೆಯವರು ಕೈಸನ್ನೆಯಲ್ಲೇ ಸಂಸಾರ ನಡೆಸಿದರು. ಮೊದಲು ಒರಟು ಕಲ್ಲು, ಆಮೇಲೆ ನಯ, ಅದಕ್ಕಿಂತ ನಯ. ನಡುವೆ ನೆಲ ಗಟ್ಟಿಯಾಗಲೆಂದು ಏನೋ ದ್ರವ ಕುಡಿಸಿದರು. ಕೊನೆಗೊಂದು ಸಂಜೆ, ಗೋಡೆಗೆ ಹೊಸ ಬಣ್ಣವೂ ಬಿದ್ದು, ಕೆಲಸ ಮುಗಿದು ದೀಪ ಹಾಕಿದಾಗ ಹೆಂಡತಿಯೂ ಬಾಯಿ ಬಿಟ್ಟು ನಿಂತಳು. ಬೂದು ನೆಲದೊಳಗೆ ಸಣ್ಣ ಸಣ್ಣ ಕಲ್ಲುಗಳು ಚುಕ್ಕಿ ಇಟ್ಟಂತೆ ಕಾಣುತ್ತಿದ್ದವು. ಟ್ಯೂಬ್‌ಲೈಟು ನೀರಿನಲ್ಲಿ ಬಿದ್ದಂತೆ ನೆಲದೊಳಗೆ ಮಲಗಿತ್ತು.

ದಿನಾ ಮೆತ್ತನೆಯ ಮಾಪಿನಿಂದ ಧೂಳು ತೆಗೆಯಿರಿ, ಒರೆಸಲು ನೀರಿಗೆ ಚೂರು ಸೌಮ್ಯ ಸೋಪು ಸಾಕು, ಎಣ್ಣೆ ಬಿದ್ದರೆ ತಕ್ಷಣ ಒರೆಸಿ, ಹುಳಿ ಪದಾರ್ಥ ಮತ್ತು ಆಸಿಡ್ ಮಾತ್ರ ಹತ್ತಿರ ತರಬೇಡಿ ಎಂದು ಹೇಳಿ ನೆಲದ ಮೇಸ್ತ್ರಿ ಹೊರಟ. ಆಸಿಡ್ಡಿನ ವಿಷಯ ನನಗೇ ಹೇಳುತ್ತಾನಲ್ಲ ಎಂದು ಯಜಮಾನರು ನಕ್ಕರು.

ಅಲ್ಲಿಂದ ಮನೆಯಲ್ಲಿ ನೆಲದ ಆಳ್ವಿಕೆ ಆರಂಭವಾಯಿತು. ಸೋಫಾದ ಕಾಲುಗಳಿಗೆ ಕಾಲುಚೀಲ ತೊಡಿಸಲಾಯಿತು. ಚಹಾ, ತಿಂಡಿ, ಊಟ ಎಲ್ಲವೂ ಅಡುಗೆಮನೆಯಲ್ಲೇ. ಇದ್ದ ಒಂದೇ ಒಂದು ಜಮಖಾನೆಯನ್ನು ಯಜಮಾನರು ಯಾರಿಗೋ ಕೊಟ್ಟುಬಿಟ್ಟರು. ಇಂಥ ನೆಲಕ್ಕೆ ಮುಸುಕು ಹಾಕುವುದುಂಟೆ ಎಂಬುದು ಅವರ ವಾದ. ಅಪ್ಪ ಈಗ ನಮ್ಮ ಮುಖ ಬಿಟ್ಟು ಪಾದ ನೋಡಿ ಮಾತಾಡುತ್ತಾರೆಂದು ಕಾಲೇಜಿಗೆ ಹೋಗುವ ಮಗಳು ತಾಯಿಯ ಹತ್ತಿರ ದೂರಿದಳು. ಬಾಗಿಲ ಗಂಟೆ ಬಾರಿಸಿದವರೆಲ್ಲ ಚಪ್ಪಲಿ ಬಿಟ್ಟು, ಕಾಲು ಒರೆಸಿ, ಕೊನೆಗೆ ಒಳಗೇ ಬರದೆ ಹಿಂತಿರುಗತೊಡಗಿದರು.

ಹೀಗಿರುವಾಗ ಅಕ್ಕ ಬರುವ ದಿನ ಬಂತು. ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆಂದಿದ್ದಳು. ಹೆಂಡತಿ ಪಾಠ ಹೇಳಲು ಶಾಲೆಗೆ, ಮಗಳು ಕಾಲೇಜಿಗೆ ಹೋದ ಮೇಲೆ ಯಜಮಾನರು ಅಂಗಡಿಯನ್ನು ಕೆಲಸದವರಿಗೆ ಬಿಟ್ಟು ಮನೆಯಲ್ಲೇ ಉಳಿದರು. ನೆಲ ಒರೆಸಿ, ಬಗ್ಗಿ ನೋಡಿ, ಮತ್ತೆ ಒರೆಸಿದರು. ದಣಿವಾಯಿತು. ಒಂದು ಲೋಟ ಚಹಾ ಮಾಡಿ, ನಿಂಬೆಹಣ್ಣು ಹಿಂಡಿಕೊಂಡರು. ಕಾನೂನು ಮಾಡಿದವನಿಗೆ ಕಾನೂನೇ ಎಂದು ಹಾಲ್‌ನ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕುಳಿತರು. ಲೋಟ ಪಕ್ಕದಲ್ಲಿಟ್ಟು, ಅಕ್ಕ ಕಣ್ಣರಳಿಸುವುದನ್ನು ನೆನೆಯುತ್ತ ತುಸು ಹೊತ್ತು ಮೈಮರೆತರು.

ಲೋಟ ಎತ್ತಿದಾಗ ನೆಲದ ಮೇಲೊಂದು ಮಂಕು ಬಳೆ!

ಯಜಮಾನರು ದಡಬಡನೆ ಎದ್ದರು. ಬಟ್ಟೆಯಿಂದ ಉಜ್ಜಿದರು, ಹೋಗಲಿಲ್ಲ. ಇದು ಕಲೆಯಲ್ಲ, ಹುಳಿ ತಗುಲಿ ಹೊಳಪೇ ಹೋಗಿದ್ದು ಎಂದು ತಣ್ಣಗೆ ಕೂತು ಯೋಚಿಸಿದ್ದರೆ ಹೊಳೆಯುತ್ತಿತ್ತು. ತಣ್ಣಗೆ ಕೂರುವ ಸ್ಥಿತಿ ಅವರದಾಗಿರಲಿಲ್ಲ. ಬಚ್ಚಲುಮನೆ ತೊಳೆಯುವ, ಆಸಿಡ್ ಬೆರೆತ ದ್ರವ ನೆನಪಾಯಿತು. ಒಂದೇ ಒಂದು ಹನಿ ಎಂದುಕೊಂಡೇ ಬಗ್ಗಿಸಿದರು. ಗಳಕ್ಕನೆ ಬಿತ್ತು. ನೊರೆ ಬುಸುಬುಸು ಎಂದಿತು. ನೊರೆ ಬಂದರೆ ಕೊಳೆ ಹೋಗುತ್ತಿದೆ ಎಂದು ಅವರಿಗೆ ಸಮಾಧಾನವೂ ಆಯಿತು. ಹೋಗುತ್ತಿದ್ದುದು ಕೊಳೆಯಲ್ಲ, ನೆಲ. ಒರೆಸಿ ನೋಡಿದರೆ ಬಳೆಯಿದ್ದಲ್ಲಿ ಬೆಳ್ಳನೆಯ ತಟ್ಟೆ!

ಮುಂದೆ ಆದದ್ದನ್ನು ಹೇಳುವುದಕ್ಕೇ ಸಂಕಟ. ತಟ್ಟೆಯ ಅಂಚು ಎದ್ದು ಕಾಣಬಾರದೆಂದು ಮರಳು ಕಾಗದ ತಂದು ಸುತ್ತ ತಿಕ್ಕಿದರು. ತಿಕ್ಕಿದಷ್ಟೂ ಅಂಚು ಆಚೆಗೆ ಸರಿಯಿತು. ತಟ್ಟೆ ಹರಿವಾಣವಾಯಿತು, ಹರಿವಾಣ ಟೀಪಾಯಿಯಷ್ಟಾಯಿತು. ಯಜಮಾನರು ಬೆವರು ಸುರಿಸುತ್ತ ಹಿಂದೆ ಸರಿದು ನಿಂತಾಗ ಹೊಳೆಯುವ ಕೆರೆಯ ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಸುಣ್ಣದ ದ್ವೀಪ ಎದ್ದಿತ್ತು. ಅಷ್ಟರಲ್ಲಿ ಫೋನು. ಬಸ್ ಇಳಿದಾಯಿತು, ನಡೆದುಕೊಂಡೇ ಬರುತ್ತಿದ್ದೇನೆ ಎಂದಳು ಅಕ್ಕ.

ಮುಚ್ಚಲು ಜಮಖಾನೆಯಿಲ್ಲ. ಸೋಫಾ ಎಳೆಯೋಣವೆಂದರೆ ಒಬ್ಬರಿಂದ ಅಲುಗದು, ಅಲುಗಿದರೂ ಗೀರು ಬೀಳುತ್ತದೆ. ಬಾಟಲಿ, ಕಾಗದಗಳನ್ನು ಬಚ್ಚಲಿಗೆ ಎಸೆದು ಬರುವಷ್ಟರಲ್ಲಿ ಗೇಟು ಕಿರುಗುಟ್ಟಿತು. ಮನುಷ್ಯ ಮಲಗುವಷ್ಟು ಜಾಗ ಎಂಬುದು ಆಗ ಅವರ ತಲೆಗೆ ಮಿಂಚಿನಂತೆ ಹೊಳೆಯಿತು. ಯಜಮಾನರು ಅಂಗಾತ ಬಿದ್ದುಕೊಂಡರು.

ಒಳಗೆ ಬಂದ ಅಕ್ಕನ ಕೈಯಿಂದ ಚೀಲ ಜಾರಿತು. ಏನಾಯಿತೋ ಎಂದು ಪಕ್ಕದಲ್ಲೇ ಕುಸಿದಳು. ಬೆನ್ನು ಹಿಡಿದುಕೊಂಡಿದೆ, ಅಲುಗಾಡಬಾರದು, ಗಟ್ಟಿ ನೆಲವೇ ಒಳ್ಳೆಯದಂತೆ ಎಂದು ಯಜಮಾನರು ಸೂರು ನೋಡುತ್ತ ಒದರಿದರು. ಸುಳ್ಳಿನ ಉಸಿರನ್ನು ಮೂಸಿ ಹಿಡಿಯುವ ಅಕ್ಕ ಇಂದು ಮೂಸಲಿಲ್ಲ. ಅವಳ ಮುಖ ಬಿಳುಚಿಕೊಂಡಿತ್ತು.

"ಅಪ್ಪನೂ ಹೀಗೇ ಅಂದಿದ್ರು ಕಣೋ," ಎಂದಳು. "ಬೆನ್ನು ಹಿಡ್ಕೊಂಡಿದೆ ಅಂತ ಮಲಗಿದೋರು ಮತ್ತೆ ಏಳಲೇ ಇಲ್ಲ."

ಯಜಮಾನರಿಗೆ ಅದು ಮರೆತೇ ಹೋಗಿತ್ತು. ಅಪ್ಪ ಹಾಸಿಗೆ ಹಿಡಿದಾಗ ಅವರು ತೀರ ಚಿಕ್ಕವರು, ನೋಡಿಕೊಂಡವಳು ಅಕ್ಕ. ಈಗ ಎದ್ದರೆ ದ್ವೀಪ ಕಾಣುತ್ತದೆ, ಏಳದಿದ್ದರೆ ಅಕ್ಕ ಅಳುತ್ತಾಳೆ. ಅವರು ನಿರ್ಧರಿಸುವ ಮೊದಲೇ ಅಕ್ಕ ಅಡುಗೆಮನೆಗೆ ಓಡಿ, ಬಿಸಿ ಎಣ್ಣೆಯ ಬಟ್ಟಲು ಹಿಡಿದು ಬಂದಳು. ಅದೇ ಹೊತ್ತಿಗೆ ಹೆಂಡತಿಯೂ ಶಾಲೆಯಿಂದ ಬಂದಳು. ಬಾಗಿಲಲ್ಲೇ ನಿಂತು ಗಾಳಿ ಮೂಸಿದಳು. ಮನೆಯೆಲ್ಲ ಬಚ್ಚಲ ದ್ರವದ ಘಾಟು. ಗಂಡನ ಭುಜದ ಪಕ್ಕದಲ್ಲಿ ಇಣುಕುತ್ತಿದ್ದ ಬಿಳಿ ಅಂಚು ನೋಡಿದಳು. ಚೀಲ ಪಕ್ಕಕ್ಕಿಟ್ಟು ಸೋಫಾದ ಮೇಲೆ ಕುಳಿತಳು.

ಪಕ್ಕಕ್ಕೆ ತಿರುಗು, ಎಣ್ಣೆ ತಿಕ್ಕುತ್ತೇನೆ ಎಂದಳು ಅಕ್ಕ. ಎಣ್ಣೆ ಬೇಡವೇ ಬೇಡ ಎಂದು ಯಜಮಾನರು ನೆಲಕ್ಕೆ ಇನ್ನಷ್ಟು ಅಂಟಿಕೊಂಡರು. ಬಟ್ಟಲಿನ ಅಂಚಿನಲ್ಲಿ ಒಂದು ಹನಿ ಊದಿತು, ತೂಗಾಡಿತು, ಟಪ್ಪೆಂದು ನೆಲಕ್ಕೆ ಬಿತ್ತು. ಯಜಮಾನರು ಮೊಣಕೈಯಿಂದ ಒರೆಸಲು ಹೋದರು. ಇನ್ನೊಂದು ಹನಿ, ಇನ್ನೊಂದು ಮೊಣಕೈ. ತಮ್ಮ ಬಿದ್ದಲ್ಲೇ ರೆಕ್ಕೆ ಬಡಿಯುವುದನ್ನು ಕಂಡು ಅಕ್ಕ ಬಟ್ಟಲು ಕೆಳಗಿಟ್ಟು ಅವನ ಕೈ ಹಿಡಿದುಕೊಂಡಳು. ಕೈ ಸೆಟೆಯುತ್ತಿದೆ, ಆಂಬುಲೆನ್ಸ್‌ಗೆ ಫೋನ್ ಮಾಡು ಎಂದು ತಮ್ಮನ ಹೆಂಡತಿಗೆ ಹೇಳುವಾಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

ಅದನ್ನು ಯಜಮಾನರಿಂದ ನೋಡಲಾಗಲಿಲ್ಲ.

"ಅಕ್ಕಾ, ನನಗೇನೂ ಆಗಿಲ್ಲ. ಆಗಿರೋದು ನೆಲಕ್ಕೆ."

ಬಳೆಯಿಂದ ದ್ವೀಪದವರೆಗೆ ಎಲ್ಲವನ್ನೂ ಒಪ್ಪಿಸಿದರು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬಿಳಿ ಅಂಚನ್ನು ಬೆರಳಿನಿಂದ ಸವರಿ ನೋಡಿದಳು.

"ನೆಲ ಹಾಳಾದ್ರೆ ಮತ್ತೆ ಉಜ್ಜಿಸಬಹುದಲ್ಲೋ," ಎಂದಳು ಕೊನೆಗೆ. ದನಿ ಇನ್ನೂ ನೆಟ್ಟಗಾಗಿರಲಿಲ್ಲ. "ಎದ್ದೇಳು."

ಯಜಮಾನರು ಏಳಲು ಹೋದರು. ಸೊಂಟದಲ್ಲಿ ಏನೋ ಛಳಕ್ಕೆಂದಿತು. ಬೆಳಗಿನಿಂದ ಬಗ್ಗಿ ತಿಕ್ಕಿದ್ದು, ಆಮೇಲೆ ತಣ್ಣನೆಯ ಕಾಂಕ್ರೀಟಿನ ಮೇಲೆ ಉಸಿರು ಬಿಗಿಹಿಡಿದು ಬಿದ್ದಿದ್ದು, ಎರಡೂ ಸೇರಿ ಬೆನ್ನು ನಿಜವಾಗಿಯೂ ಹಿಡಿದುಕೊಂಡಿತ್ತು. ಈ ಸಲ ಆಣೆ ಇಟ್ಟು ಹೇಳಿದರು, ಗೋಗರೆದರು, ನರಳಿದರು. ಅಕ್ಕ ನೀರು ಕುಡಿಯಲು ಅಡುಗೆಮನೆಗೆ ಎದ್ದುಹೋದಳು. ಹೆಂಡತಿ ಫೋನ್ ತೆಗೆದುಕೊಂಡಳು. ಡಾಕ್ಟರಿಗೆ ಮಾಡುತ್ತಾಳೆಂದು ಯಜಮಾನರು ಆಸೆಪಟ್ಟರು. ಅವಳು ಕರೆದದ್ದು ನೆಲದ ಮೇಸ್ತ್ರಿಯನ್ನು.

ಹತ್ತಿರದ ಬೀದಿಯಲ್ಲೇ ಕೆಲಸದಲ್ಲಿದ್ದ ಮೇಸ್ತ್ರಿ ಆಳೊಬ್ಬನನ್ನು ಕರೆದುಕೊಂಡು ಬಂದ. ಯಜಮಾನರಿಗೆ ನಮಸ್ಕಾರ ಹೇಳಿದ. ಅವರು ಮಲಗಿದಲ್ಲಿಂದಲೇ ಕೈ ಜೋಡಿಸಿದರು. ಮೇಸ್ತ್ರಿ ಸೀಮೆಸುಣ್ಣ ತೆಗೆದು ಹಾಳಾದ ಜಾಗಕ್ಕೆ ಗೆರೆ ಹಾಕುತ್ತ, ಅವರ ತಲೆ, ತೋಳು, ಕಾಲುಗಳನ್ನು ಬಳಸಿ ಒಂದು ಸುತ್ತು ಬಂದ. ಇಷ್ಟನ್ನೇ ಉಜ್ಜಿದರೆ ತೇಪೆ ಹಾಕಿದಂತೆ ಕಾಣುತ್ತದೆ, ಪೂರ್ತಿ ಹಾಲ್‌ಗೆ ಮತ್ತೆ ಯಂತ್ರ ಹಿಡಿಯಬೇಕು, ಇವತ್ತೇ ಖಾಲಿ ಮಾಡಿಕೊಟ್ಟರೆ ನಾಳೆ ಶುರು ಮಾಡುತ್ತೇನೆ ಎಂದ. ಸೋಫಾ, ಕಪಾಟು, ಟೀಪಾಯಿ ಎಂದು ಕಣ್ಣಲ್ಲೇ ಎಣಿಸುತ್ತ ಬಂದವನ ದೃಷ್ಟಿ ಯಜಮಾನರ ಮೇಲೆ ನಿಂತಿತು. ಸಂಕೋಚದಿಂದ ಹೆಂಡತಿಯ ಕಡೆ ತಿರುಗಿದ.

"ಇವರನ್ನ ಮನೆಯವರೇ ಎತ್ತಿಡ್ತೀರಾ ಅಮ್ಮಾ, ಇಲ್ಲಾ ನಾವೇ ಎತ್ತೋದಾ?"

"ನೀವೇ ಎತ್ತಿ," ಎಂದಳು ಹೆಂಡತಿ. "ಗೋಡೆಗೆ ತಗುಲಿಸಬೇಡಿ. ಬಣ್ಣ ಹೊಸದು."